ಒಂದೇ ಮಲೆ, ಎರಡು ಬದುಕು: 'ಬೆಟ್ಟದ ಜೀವ' ಮತ್ತು 'ಕುಡಿಯರ ಕೂಸು' ಕುರಿತು ಒಂದು ಮರುಪರಿಶೀಲನೆ

ಶಿವರಾಮ ಕಾರಂತರ 'ಬೆಟ್ಟದ ಜೀವ' (1943) ಕಾದಂಬರಿಯನ್ನು ಪರಿಸರಪ್ರಜ್ಞೆಯ ಕೃತಿಯೆಂದು ಓದುವ ಪರಿಪಾಠ ಈಚಿನ ವಿಮರ್ಶೆಯಲ್ಲಿ ಬೇರೂರಿದೆ. ಹೊರನಾಡಿನ ವಿಶ್ವವಿದ್ಯಾಲಯಗಳಲ್ಲಿ ಅನುವಾದದ ಮೂಲಕ ಈ ಕೃತಿಯನ್ನು ಎದುರುಗೊಳ್ಳುವ ಸಂಶೋಧಕರಿಗಂತೂ ಗೋಪಾಲಯ್ಯನವರು ನಿಸರ್ಗದೊಡನೆ ಸಾಮರಸ್ಯ ಸಾಧಿಸಿದ ಋಷಿಸದೃಶ ವ್ಯಕ್ತಿಯಾಗಿಯೇ ಕಾಣಿಸುತ್ತಾರೆ. ಪ್ರಸ್ತುತ ಲೇಖಕನೂ ಹಿಂದೊಮ್ಮೆ ಹಾಗೆಯೇ ಬರೆದವನು. ಆ ಬರಹವನ್ನು ಮತ್ತೆ ಓದಿದಾಗ ಅದರಲ್ಲಿ ಕಾದಂಬರಿಗಿಂತ, ಊರು ಬಿಟ್ಟು ದೂರವಿದ್ದವನ ಹಂಬಲವೇ ಹೆಚ್ಚಾಗಿ ಕಂಡದ್ದರಿಂದ ಈ ಮರುಪರಿಶೀಲನೆ ಅಗತ್ಯವೆನಿಸಿತು.

ಕೃತಿಯೊಳಗಿನ ಸಂಗತಿಗಳನ್ನೇ ನೋಡೋಣ. ಸುಬ್ರಹ್ಮಣ್ಯದ ಸುತ್ತಲಿನ ಘಟ್ಟದ ತಪ್ಪಲಲ್ಲಿ ಗೋಪಾಲಯ್ಯನವರು ಜೀವಮಾನವಿಡೀ ಮಾಡಿದ ಕೆಲಸ ಯಾವುದು? ಕಾಡು ಕಡಿದದ್ದು, ನೀರಿನ ಜಾಡು ಹಿಡಿದದ್ದು, ಇಳಿಜಾರನ್ನು ಸಮಮಾಡಿ ಅಡಕೆತೋಟ ಎಬ್ಬಿಸಿದ್ದು. ಹಾಗೆ ಎಬ್ಬಿಸಿದ ತೋಟವನ್ನು ಆನೆ ತುಳಿಯುತ್ತದೆ; ಹುಲಿಯನ್ನು ಬೋನಿಗೆ ಕೆಡವಬೇಕಾಗುತ್ತದೆ. ಮಲೆಯ ಮೇಲಿನ ತೋಟವನ್ನು ನೋಡಿಕೊಳ್ಳುವ ನಾರಾಯಣನ ಮನಸ್ಸಿನಲ್ಲಿ ಅಲ್ಲಿ ನಿಲ್ಲಬೇಕೇ ಬಿಡಬೇಕೇ ಎಂಬ ಹೊಯ್ದಾಟವಿದೆ. ಇದು ಸಾಮರಸ್ಯದ ಚಿತ್ರವಲ್ಲ. ಕಾಡಿನೊಡನೆ ವರ್ಷವರ್ಷವೂ ನಡೆಯುವ, ಯಾವ ವರ್ಷವೂ ಮುಗಿಯದ ವ್ಯಾಜ್ಯದ ಚಿತ್ರ. ಮನೆಬಿಟ್ಟು ಹೋದ ಮಗನಿಗಾಗಿ ಕಾಯುವ ಮುದಿ ದಂಪತಿಗಳ ದುಃಖವೂ ಈ ವ್ಯಾಜ್ಯದಿಂದ ಬೇರೆಯಾದುದಲ್ಲ. ಗೆದ್ದ ನೆಲಕ್ಕೆ ವಾರಸುದಾರನಿಲ್ಲದಿದ್ದರೆ ಗೆದ್ದದ್ದರ ಅರ್ಥವೇನು ಎಂಬ ಪ್ರಶ್ನೆ ಶಂಕರಮ್ಮನವರ ಮೌನದೊಳಗೂ ಇದೆ.

ಗೋಪಾಲಯ್ಯನವರಿಗೆ ಸೌಂದರ್ಯದೃಷ್ಟಿಯಿಲ್ಲವೆಂದು ಇದರ ಅರ್ಥವಲ್ಲ. ಬೆಟ್ಟವನ್ನು ನೋಡುವುದರಲ್ಲಿ ಅವರಿಗಿರುವ ಸುಖ ನಿಜವಾದದ್ದೇ. ಆದರೆ ಕಾದಂಬರಿಯಲ್ಲಿ ಎರಡು ನೋಟಗಳಿವೆ. ದಾರಿತಪ್ಪಿ ಬಂದ ಅತಿಥಿ ಶಿವರಾಮಯ್ಯನದು ದೃಶ್ಯವನ್ನು ಕಾಣುವ ಕಣ್ಣು. ಆತಿಥೇಯರದು ಅದೇ ದೃಶ್ಯದೊಳಗೆ ನೀರು ಎಲ್ಲಿಂದ ಇಳಿದೀತು, ಸೊಪ್ಪು ಎಲ್ಲಿ ಸಿಕ್ಕೀತು ಎಂದು ಲೆಕ್ಕಹಾಕುವ ಕಣ್ಣು. ನಿರೂಪಣೆ ಅತಿಥಿಯ ಬಾಯಲ್ಲಿದೆ. ಆದ್ದರಿಂದ ಅತಿಥಿಯ ಬೆರಗನ್ನೇ ಆತಿಥೇಯರ ಜೀವನದರ್ಶನವೆಂದು ತಿಳಿಯುವುದು ಸುಲಭ. ನಮ್ಮ ವಿಮರ್ಶೆ ಎಡವಿರುವುದು ಈ ಸುಲಭದ ಜಾಗದಲ್ಲಿ.

ಎಂಟು ವರ್ಷಗಳ ಅನಂತರ ಬಂದ 'ಕುಡಿಯರ ಕೂಸು' (1951) ಕೃತಿಯನ್ನು ಇದರ ಪಕ್ಕದಲ್ಲಿರಿಸಿ ಓದಿದಾಗ ಚಿತ್ರ ಬದಲಾಗುತ್ತದೆ. ಇಲ್ಲಿಯೂ ಅದೇ ಪಶ್ಚಿಮಘಟ್ಟ, ಅದೇ ಮಳೆ. ಆದರೆ ಇಲ್ಲಿರುವವರು ಮಲೆಕುಡಿಯರು. ಅವರಿಗೆ ಕಾಡು ಕಡಿದು ಗೆಲ್ಲಬೇಕಾದ ನೆಲವಲ್ಲ. ಏಲಕ್ಕಿ ಬಿಡುವ, ಜೇನು ಕಟ್ಟುವ, ಬೇಟೆ ಸಿಗುವ, ದೈವಗಳು ನೆಲಸಿರುವ ಮನೆ. ಹಾಗೆಂದು ಈ ಮನೆ ಅವರ ಸ್ವಂತದ್ದೂ ಅಲ್ಲ. ಏಲಕ್ಕಿಮಲೆ ಧಣಿಯ ಹಿಡುವಳಿಯಲ್ಲಿದೆ. ಕುಡಿಯರು ಕೊಯ್ದ ಏಲಕ್ಕಿ ಧಣಿಯ ಮನೆ ಸೇರುತ್ತದೆ. 1909ರಲ್ಲಿ ಪ್ರಕಟವಾದ ಥರ್ಸ್ಟನ್ನರ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿಯೂ ಕುಡಿಯರು ಘಟ್ಟದ ಏಲಕ್ಕಿತೋಟಗಳ ಒಡೆಯರಿಗೆ ದುಡಿಯುವವರಾಗಿಯೇ ಕಾಣಿಸಿಕೊಳ್ಳುತ್ತಾರೆ. ಕಾರಂತರು ಈ ಸಂಬಂಧವನ್ನು ಹೊರಗಿನ ದಾಖಲೆಯ ಮಟ್ಟದಿಂದ ಒಳಗಿನ ಬದುಕಿನ ಮಟ್ಟಕ್ಕೆ ತಂದರು. ಜನಾಂಗವಿವರಣೆಯ ಭಾರ ಅಲ್ಲಲ್ಲಿ ಕಥನದ ನಡಿಗೆಯನ್ನು ತಡೆಯುತ್ತದೆ ಎಂಬ ಆಕ್ಷೇಪವನ್ನು ಒಪ್ಪಬೇಕು. ಕಲಾಕೃತಿಯಾಗಿ 'ಬೆಟ್ಟದ ಜೀವ'ವೇ ಮೇಲು. ಆದರೂ ಮಲೆಯ ಬದುಕನ್ನು ಅರಿಯಲು ಹೊರಟವರು ಮೊದಲನೆಯದನ್ನು ಓದಿ ಎರಡನೆಯದನ್ನು ಬಿಟ್ಟರೆ ಅರ್ಧವನ್ನಷ್ಟೇ ಅರಿತಂತಾಗುತ್ತದೆ.

ದೆಹಲಿಯಲ್ಲಿ ನೆಲಸಿದ್ದ ಎಚ್.ವೈ. ಶಾರದಾಪ್ರಸಾದರು 'ಕುಡಿಯರ ಕೂಸು' ಕೃತಿಯನ್ನು 'ದಿ ಹೆಡ್‌ಮ್ಯಾನ್ ಆಫ್ ದಿ ಲಿಟ್ಲ್ ಹಿಲ್' ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ತಂದರು. ಹೊರನಾಡ ಓದುಗರಿಗೆ ಇದು ದೊಡ್ಡ ಉಪಕಾರ. ಆದರೆ ಶೀರ್ಷಿಕೆಯಲ್ಲಿ ಆದ ಪಲ್ಲಟವನ್ನು ಗಮನಿಸಬೇಕು. ಮೂಲದಲ್ಲಿರುವುದು ಕೂಸು, ಅನುವಾದದಲ್ಲಿರುವುದು ಗುರಿಕಾರ. ಕೂಸು ಎಂಬುದು ಹುಟ್ಟಿನ, ಸಾಕುವಿಕೆಯ ಸಂಬಂಧವನ್ನು ಸೂಚಿಸಿದರೆ ಗುರಿಕಾರ ಎಂಬುದು ಅಧಿಕಾರದ ಸ್ಥಾನವನ್ನು ಸೂಚಿಸುತ್ತದೆ. ಅಧಿಕಾರವೇ ಇಲ್ಲದ ನೆಲದಲ್ಲಿ ಸ್ಥಾನವೊಂದನ್ನು ಮುಂದೆಮಾಡುವ ಹೆಸರು ಓದುಗರನ್ನು ಬೇರೆ ದಿಕ್ಕಿಗೆ ಒಯ್ಯುತ್ತದೆ.

ಅನುವಾದದ ತೊಡಕು ಶೀರ್ಷಿಕೆಗೆ ಮುಗಿಯುವುದಿಲ್ಲ. ಮಲೆ, ಗುಡ್ಡ, ಬೆಟ್ಟ, ಕಾಡು, ಕಾನು, ಹಾಡಿ, ಬೇಣ ಎಂಬ ಮಾತುಗಳಲ್ಲಿ ಒಂದೊಂದಕ್ಕೂ ಒಂದೊಂದು ಉಪಯೋಗವಿದೆ, ಒಂದೊಂದು ಹಕ್ಕಿದೆ. ಶಿರಸಿ, ಸಿದ್ಧಾಪುರಗಳ ಅಡಕೆ ಬೆಳೆಗಾರರ ಬಾಯಲ್ಲಿ 'ಬೆಟ್ಟ' ಎಂದರೆ ಎತ್ತರದ ಪರ್ವತವಲ್ಲ. ತೋಟಕ್ಕೆ ಸೊಪ್ಪು, ದರಕು ತರುವ ಸೊಪ್ಪಿನ ಬೆಟ್ಟ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಅಂಥ ಬೆಟ್ಟವನ್ನು ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದ ಬಂದದ್ದು. ದಕ್ಷಿಣ ಕನ್ನಡದಲ್ಲಿ ವರ್ಗಜಮೀನಿಗೆ ತಾಗಿದ ಸರ್ಕಾರಿ ನೆಲದ ಮೇಲಿನ ಇದೇ ಬಗೆಯ ಸವಲತ್ತಿಗೆ ಕುಮ್ಕಿ ಎಂದು ಹೆಸರು. ಕೊಡಗಿನಲ್ಲಿ ಬಾಣೆ. ಸೊರಬದ ಕಡೆಯ ಕಾನು ಮೆಣಸಿನ ಬಳ್ಳಿ ಹಬ್ಬಿದ, ನೀರು ಹಿಡಿದಿಡುವ ನಿತ್ಯಹರಿದ್ವರ್ಣದ ತುಂಡು. ಇವೆಲ್ಲವೂ ಇಂಗ್ಲಿಷಿಗೆ ಹೋಗುವಾಗ 'ಫಾರೆಸ್ಟ್' ಎಂಬ ಒಂದೇ ಮಾತಾಗುತ್ತವೆ. ಅರಣ್ಯ ಇಲಾಖೆಯ ಭಾಷೆಯಲ್ಲಿಯೂ ಹೀಗೆಯೇ ಆದದ್ದು ಕೇವಲ ಆಕಸ್ಮಿಕವಲ್ಲ.

ಈ ಸವಲತ್ತುಗಳು ಸಿಕ್ಕಿದ್ದು ತೋಟವಿದ್ದವರಿಗೆ. ತೋಟವಿಲ್ಲದವರ ಕಥೆ ಬೇರೆ. ಕಾಡಿನ ತುಣುಕನ್ನು ಸುಟ್ಟು ಒಂದೆರಡು ವರ್ಷ ರಾಗಿ, ಭತ್ತ ಬೆಳೆದು ಮತ್ತೆ ಕಾಡಿಗೆ ಬಿಟ್ಟುಕೊಡುವ ಕುಮರಿ ಬೇಸಾಯ ಕೆನರಾದ ಘಟ್ಟಗಳಲ್ಲಿ ವ್ಯಾಪಕವಾಗಿತ್ತು. ಹಡಗು ಕಟ್ಟುವ, ರೈಲುಹಾದಿಗೆ ಹಾಸುವ ಮರಕ್ಕೆ ಬೆಲೆ ಬಂದ 19ನೆಯ ಶತಮಾನದ ನಡುಭಾಗದಲ್ಲಿ ಸಸ್ಯವಿಜ್ಞಾನಿ ಕ್ಲೆಗ್ಹಾರ್ನ್ ಮೊದಲಾದ ಅಧಿಕಾರಿಗಳು ಅದನ್ನು ಕಾಡಿನ ನಾಶವೆಂದು ಬಣ್ಣಿಸಿದರು. ಸರ್ಕಾರ ಅದನ್ನು ನಿರ್ಬಂಧಿಸಿತು. 1878ರ ಅರಣ್ಯ ಕಾಯಿದೆಯ ಹೊತ್ತಿಗೆ ಒಂದೇ ಘಟ್ಟದಲ್ಲಿ ಕಾಡು ಕಡಿದು ತೋಟ ಮಾಡಿದವರು ಕಂದಾಯ ಕಟ್ಟುವ ರೈತರೆನಿಸಿದ್ದರು, ಕಾಡು ಸುಟ್ಟು ಕುಮರಿ ಮಾಡಿದವರು ಅಪರಾಧಿಗಳೆನಿಸಿದ್ದರು. ಗೋಪಾಲಯ್ಯನವರ ತೋಟ ಮತ್ತು ಕುಡಿಯರ ಏಲಕ್ಕಿಮಲೆಗಳ ನಡುವಿನ ಅಂತರ ಈ ಇತಿಹಾಸದಿಂದ ಬಂದದ್ದು. ಗುಣಸ್ವಭಾವಗಳ ವ್ಯತ್ಯಾಸದಿಂದ ಅದನ್ನು ವಿವರಿಸಲಾಗದು.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಇನ್ನೂ ಒಂದು ಸಂಬಂಧವನ್ನು ತೋರಿಸುತ್ತದೆ. ಜೀತದಾಳು ನಾಯಿಗುತ್ತಿಗೆ ಕಾಡು ದುಡಿಮೆಯ ನೆಲವೂ ಹೌದು, ತಪ್ಪಿಸಿಕೊಳ್ಳುವ ದಾರಿಯೂ ಹೌದು. ಹೆಗ್ಗಡೆಗಳ ಕಣ್ಣು ತಲುಪದ ಜಾಗ ಅದೊಂದೇ. ತಿಮ್ಮಿಯೊಡನೆ ಅವನು ಓಡಿಹೋಗುವುದು ಕಾಡಿರುವುದರಿಂದಲೇ ಸಾಧ್ಯವಾಗುತ್ತದೆ. ಹುಲಿಯನನ್ನು ಅವನಿಂದ ಕಿತ್ತುಕೊಳ್ಳುವುದೂ ಅದೇ ಮಲೆಯ ನೀರು ಹೊತ್ತ ತುಂಗೆಯ ಪ್ರವಾಹವೇ. ಈ ಕೃತಿಗೆ ಪ್ರತ್ಯೇಕ ಚರ್ಚೆಯೇ ಬೇಕಾದ್ದರಿಂದ ಇಲ್ಲಿ ಇಷ್ಟಕ್ಕೇ ನಿಲ್ಲಿಸುತ್ತೇನೆ.

ಮಲೆಯ ಜನರ ಸಂಬಂಧವನ್ನು 'ಪ್ರಕೃತಿಪ್ರೇಮ'ವೆಂಬ ಒಂದೇ ಮಾತಿನಿಂದ ಕರೆಯುವ ಅಭ್ಯಾಸ ಹಿಮಾಲಯದ ಸಂದರ್ಭದಲ್ಲಿಯೂ ಇದೆ. ಚಿಪ್ಕೋ ಚಳವಳಿಯ ಆರಂಭವನ್ನು ನೆನಪಿಸಿಕೊಳ್ಳಬಹುದು. 1973ರಲ್ಲಿ ಗಢವಾಲದ ಮಂಡಲ್ ಗ್ರಾಮದ ಬಳಿ ಆಟದ ಸಾಮಾನು ತಯಾರಿಸುವ ಕಂಪನಿಗೆ ಅಂಗು ಮರಗಳನ್ನು ಮಂಜೂರು ಮಾಡಲಾಯಿತು. ಬೇಸಾಯದ ಉಪಕರಣ ಮಾಡಿಕೊಳ್ಳಲು ಅದೇ ಮರ ಕೇಳಿದ್ದ ಸ್ಥಳೀಯರಿಗೆ ಅದನ್ನು ನಿರಾಕರಿಸಲಾಗಿತ್ತು. ಮರುವರ್ಷ ರೇಣಿಯಲ್ಲಿ ಗೌರಾದೇವಿಯವರ ನೇತೃತ್ವದಲ್ಲಿ ಮಹಿಳೆಯರು ಕಾಡಿಗೆ ಅಡ್ಡನಿಂತರು. ಸುಂದರಲಾಲ ಬಹುಗುಣ ಅವರ ಪ್ರೇರಣೆಯಿಂದ ಅದೇ ಮಾರ್ಗ 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಗೆ ಬಂದು ಅಪ್ಪಿಕೋ ಎನಿಸಿತು. ನೊಗಕ್ಕೆ ಮರ ಬೇಕೆಂಬ ಅಲ್ಲಿಯ ಬೇಡಿಕೆಯಂತೆ ಇಲ್ಲಿಯೂ ಸೊಪ್ಪು, ನೀರು, ಜೇನುಗಳ ಲೆಕ್ಕವಿತ್ತು. ನೈಸರ್ಗಿಕ ಕಾಡು ತೆಗೆದು ತೇಗ ನೆಟ್ಟರೆ ಹಳ್ಳ ಬತ್ತುತ್ತದೆ ಎಂದು ತಿಳಿದವರು ಮರವನ್ನು ಅಪ್ಪಿದರು. ಆ ಲೆಕ್ಕವನ್ನು ಹೇಳಿದರೆ ಚಳವಳಿಯ ಘನತೆ ಕುಗ್ಗುತ್ತದೆ ಎಂಬ ಅಳುಕು ನಮ್ಮ ಬರಹಗಳಲ್ಲಿ ಯಾಕೆ ಇರಬೇಕೋ ತಿಳಿಯದು.

ಇಷ್ಟನ್ನು ಒತ್ತಿಹೇಳಲು ಕಾರಣವಿದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನವನ್ನು 1987ರಲ್ಲಿ ಘೋಷಿಸಿದಾಗ ಅದೇ ಬೆಟ್ಟಸಾಲಿನಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆಯುತ್ತಿತ್ತು. ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ಅದು ನಿಂತದ್ದು 2005ರ ಕೊನೆಗೆ. ಉದ್ಯಾನದ ಒಳಗೆ ಸಿಕ್ಕಿಕೊಂಡ ಮಲೆಕುಡಿಯರಿಗೆ ಮಾತ್ರ ಕಾಡಿನ ಉತ್ಪತ್ತಿಯನ್ನು ಮುಟ್ಟುವುದೇ ಪ್ರಶ್ನೆಯಾಯಿತು. 2006ರ ಅರಣ್ಯ ಹಕ್ಕುಗಳ ಕಾಯಿದೆ ಅಂಥವರ ಹಕ್ಕನ್ನು ತತ್ತ್ವದಲ್ಲಿ ಒಪ್ಪಿತು. ಆ ಕಾಯಿದೆಯಡಿ ಅರ್ಜಿ ಹಾಕುವವರು ತಮ್ಮ ಪೂರ್ವಿಕರು ಆ ಕಾಡನ್ನು ಹೇಗೆ ಬಳಸುತ್ತಿದ್ದರು ಎಂಬುದಕ್ಕೆ ಆಧಾರ ಒದಗಿಸಬೇಕು. ಗ್ರಾಮದ ಹಿರಿಯರ ಹೇಳಿಕೆಯೂ ಅಲ್ಲಿ ಆಧಾರವೇ. ಘಟ್ಟದ ಜನರೆಲ್ಲ ಒಂದೇ ಬಗೆಯ ನಿಸರ್ಗಪ್ರೇಮಿಗಳೆಂದು ಬರೆಯುವ ವಿಮರ್ಶೆ, ಯಾರು ಯಾವ ಮಲೆಯಲ್ಲಿ ಏನು ಕೊಯ್ದರು, ಕೊಯ್ದದ್ದು ಯಾರ ಮನೆ ಸೇರಿತು ಎಂಬ ಈ ಪ್ರಶ್ನೆಯನ್ನು ಅಳಿಸಿಹಾಕುತ್ತದೆ. 'ಕುಡಿಯರ ಕೂಸು' ಅದನ್ನು ಅಳಿಸದೆ ಉಳಿಸಿಕೊಂಡಿರುವ ಪುಸ್ತಕ.

ಈ ಎರಡು ಕೃತಿಗಳನ್ನು ಜೊತೆಯಾಗಿ ಪಠ್ಯವಾಗಿಸುವ ಹೊರನಾಡ ವಿಭಾಗಗಳು ಮೊದಲು ಮಾಡಬೇಕಾದ ಕೆಲಸ ಬಹಳ ಸಣ್ಣದು: ಮೂಲದಲ್ಲಿ ಮಲೆ, ಗುಡ್ಡ, ಕಾಡುಗಳಿರುವ ಕಡೆಗಳನ್ನು ಗುರುತುಹಾಕಿ, ಅನುವಾದದಲ್ಲಿ ಅಲ್ಲಲ್ಲಿ ಯಾವ ಮಾತು ಬಂದಿದೆ ಎಂದು ಎದುರುಬದುರು ಬರೆದುಕೊಳ್ಳುವುದು. ಕನ್ನಡ ಓದಬಲ್ಲ ಒಬ್ಬ ವಿದ್ಯಾರ್ಥಿ ಒಂದು ಬೇಸಗೆ ರಜೆಯಲ್ಲಿ ಇದನ್ನು ಮುಗಿಸಬಲ್ಲ.