ಕೀಳುವುದು ಅರ್ಧ, ಅಡೆ ಇನ್ನರ್ಧ

ಮಲ್ಲಿಕಾ ಎಂಬ ಮಾವಿನ ತಳಿಯ ಬಗೆಗೆ ಬರೆಯುವುದಾಗಿ ಕಳೆದ ವಾರ ಈ ಅಂಕಣದಲ್ಲಿ ಹೇಳಲಾಗಿತ್ತು. ಆದರೆ ರಾಮನಗರ ಸೀಮೆಯ ಫಸಲು ಇಳಿಮುಖವಾಗಿ, ಕೋಲಾರ ಮತ್ತು ಶ್ರೀನಿವಾಸಪುರದ ತೋಟಗಳಲ್ಲಿ ಕಾಯಿ ಬಲಿಯುತ್ತಿರುವ ಈ ದಿನಗಳಲ್ಲಿ ಹಲಸೂರು, ಇಂದಿರಾನಗರ, ಕೆ.ಆರ್. ಪುರಗಳ ಕುಟುಂಬಗಳು ಹಳೇ ಮದ್ರಾಸ್ ರಸ್ತೆ ಹಿಡಿದು ಹೊಸಕೋಟೆಯಾಚೆಗೆ ಹೊರಡುವ ಕಾಲ ಬಂದಿರುವುದರಿಂದ, ಮಲ್ಲಿಕಾ ಒಂದು ವಾರ ಕಾಯುವುದೇ ಸರಿ.

ಬೇಕಾದ ಹಣ್ಣನ್ನು ತೋಟದಲ್ಲಿ ತಾವೇ ಕಿತ್ತು, ತೂಗಿಸಿ, ಹಣ ಕೊಟ್ಟು ತರುವ ಪದ್ಧತಿಯನ್ನು ಕರ್ನಾಟಕ ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮವು ತನ್ನ ಮಾವು ಪ್ರವಾಸಗಳ ಮೂಲಕ ಬೆಂಗಳೂರಿನವರಿಗೆ ಪರಿಚಯಿಸಿದೆ. ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್‌ಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಸೇಬಿನ ತೋಟಗಳಿಗೆ ಹೋಗಿಬರುವುದೂ ಇದೇ ಬಗೆಯದು. ಆದರೆ ಸೇಬಿಗೂ ಮಾವಿಗೂ ಇಲ್ಲೊಂದು ದೊಡ್ಡ ಅಂತರವಿದೆ. ಸೇಬನ್ನು ಕೊಂಬೆಯಿಂದ ಬಿಡಿಸಿದ ಕ್ಷಣದಲ್ಲೇ ಕಚ್ಚಿ ತಿನ್ನಬಹುದು, ಆದರೆ ಮಾವಿನ ಮರ ಕೊಡುವುದು ಬಲಿತ ಕಾಯಿಯನ್ನು. ಅದರೊಳಗಿನ ಪಿಷ್ಟ ಸಕ್ಕರೆಯಾಗಿ, ಹುಳಿ ಇಳಿದು, ಪರಿಮಳ ಹುಟ್ಟಲು ಇನ್ನೂ ಒಂದು ವಾರದಿಂದ ಹತ್ತು ದಿನ ಬೇಕಾಗುತ್ತದೆ. ಹೀಗೆ ಕಿತ್ತ ಕಾಯನ್ನು ಹುಲ್ಲಿನ ನಡುವೆ ಮುಚ್ಚಿಟ್ಟು ಹಣ್ಣು ಮಾಡುವುದನ್ನೇ ಅಡೆ ಹಾಕುವುದು ಎನ್ನುತ್ತಾರೆ. ಆದ್ದರಿಂದ ತೋಟಕ್ಕೆ ಹೋದವರು ಅಲ್ಲಿ ಮುಗಿಸಿ ಬರುವುದು ಅರ್ಧ ಕೆಲಸವನ್ನು ಮಾತ್ರ.

ಈ ಮಾತನ್ನು ಒಪ್ಪದ ಒಂದು ಪಂಥವಿದೆ. ಮರದಲ್ಲೇ ಹಣ್ಣಾದದ್ದು ಮಾತ್ರ ನಿಜವಾದ ಮಾವು, ಕಿತ್ತು ಮಾಗಿಸಿದ್ದೆಲ್ಲ ವ್ಯಾಪಾರಿಗಳ ಅನುಕೂಲಕ್ಕೆ ಹುಟ್ಟಿದ ಪದ್ಧತಿ ಎಂದು ಈ ಪಂಥದವರು ಸಾಧಿಸುತ್ತಾರೆ ಮತ್ತು ತೋಟಕ್ಕೆ ಹೋದಾಗ ಕೊಂಬೆಯ ಮೇಲೆ ಹಳದಿಗೆ ತಿರುಗಿದ ಹಣ್ಣನ್ನೇ ಹುಡುಕುತ್ತಾರೆ. ರಾಸಾಯನಿಕಗಳ ಭಯದಿಂದ ಹುಟ್ಟಿದ ಈ ನಂಬಿಕೆಯ ಹಿಂದಿನ ಕಾಳಜಿ ಗೌರವಿಸತಕ್ಕದ್ದೇ ಆದರೂ, ನಿರ್ಣಯ ಮಾತ್ರ ತಪ್ಪು. ಇದಕ್ಕೆ ಬಾದಾಮಿಗಿಂತ (ಆಲ್ಫಾನ್ಸೋ ತಳಿಗೆ ಹಳೆಯ ಮೈಸೂರು ಸೀಮೆಯ ಹೆಸರು ಇದು) ದೊಡ್ಡ ಸಾಕ್ಷಿ ಬೇಕಿಲ್ಲ. ಹೊರಗೆ ನಿಷ್ಕಳಂಕವಾಗಿ ಕಾಣುವ ಬಾದಾಮಿಯನ್ನು ಕೊಯ್ದಾಗ ಓಟೆಯ ಸುತ್ತ ಬಿಳಿಚಿದ, ಬೆಂಡಿನಂಥ, ರುಚಿಯಿಲ್ಲದ ತಿರುಳು ಸಿಗುವುದುಂಟು. ಇದನ್ನು ತೋಟಗಾರಿಕಾ ಶಾಸ್ತ್ರದಲ್ಲಿ ಸ್ಪಂಜಿ ಟಿಶ್ಯೂ ಎಂದು ಕರೆಯುತ್ತಾರೆ. ನೆಲದಿಂದ ಏಳುವ ಕಾವು ಇದಕ್ಕೆ ಕಾರಣವೆಂದು ಬಹುಕಾಲ ಹೇಳಲಾಗುತ್ತಿತ್ತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಓಟೆಯೊಳಗಿನ ಬೀಜವು ಕಾಯಿ ಮರದಲ್ಲಿರುವಾಗಲೇ ಮೊಳೆಯಲು ತೊಡಗುವುದರೊಂದಿಗೆ ಈ ದೋಷಕ್ಕೆ ನಂಟಿದೆಯೆಂದು ತೋರಿಸಿದರು. ಕೀಳುವುದನ್ನು ತಡಮಾಡಿದಷ್ಟೂ ಈ ದೋಷ ಹೆಚ್ಚುವುದು ಬೆಳೆಗಾರರ ಅನುಭವವೂ ಹೌದು, ಪ್ರಯೋಗಗಳ ಫಲಿತಾಂಶವೂ ಹೌದು. ಮರದಲ್ಲೇ ಮಾಗಲಿ ಎಂದು ಕಾಯುವವರು ಬಾದಾಮಿಯನ್ನು ಕೆಡಿಸಿಕೊಳ್ಳುವ ಸಂಭವವೇ ಹೆಚ್ಚು.

ಹಾಗಾದರೆ ಕೀಳಬೇಕಾದದ್ದು ಯಾವ ಹಂತದ ಕಾಯನ್ನು? ಇಲ್ಲಿ ನೆರವಿಗೆ ಬರುವುದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 1957ರಲ್ಲಿ ಪ್ರಕಟಿಸಿದ ‘ದಿ ಮ್ಯಾಂಗೋ’ ಎಂಬ ಗ್ರಂಥ. ಗಂಗೊಳ್ಳಿ ಮತ್ತು ಅವರ ಮೂವರು ಸಹಲೇಖಕರು ರಚಿಸಿದ ಈ ಕೃತಿಗೆ ತಳಿವರ್ಣನೆಯಲ್ಲಿ ಸಾಟಿಯಾಗುವ ಇನ್ನೊಂದು ಪುಸ್ತಕ ಸಿಗುವುದು ಕಷ್ಟ. ತೊಟ್ಟಿನ ಎರಡೂ ಬದಿಗೆ ಉಬ್ಬುವ ಭಾಗ ಹೆಗಲು, ತುದಿಯ ಸಮೀಪ ಚೂಪಾಗಿ ಮುಂಚಾಚಿರುವುದು ಕೊಕ್ಕು, ಕೊಕ್ಕಿನ ಪಕ್ಕದ ತಗ್ಗು ಮತ್ತೊಂದು ಗುರುತು ಎಂದು ಒಂದೊಂದು ತಳಿಯನ್ನೂ ಅಂಗಾಂಗವಾಗಿ ವಿವರಿಸುವ ಆ ಕ್ರಮವನ್ನು ಒಮ್ಮೆ ಮನಸ್ಸಿಗೆ ತಂದುಕೊಂಡವರಿಗೆ ಮಾವಿನ ಮರದ ಕೆಳಗೆ ನಿಂತು ನೋಡುವ ಕಣ್ಣೇ ಬದಲಾಗುತ್ತದೆ. ಬಲಿತ ಕಾಯಿಯ ಮುಖ್ಯ ಗುರುತು ಹೆಗಲಿನಲ್ಲೇ ಇದೆ: ಎಳೆಯ ಕಾಯಿಯಲ್ಲಿ ತೊಟ್ಟಿನಿಂದ ಇಳಿಜಾರಾಗಿರುವ ಹೆಗಲು ಬಲಿತಂತೆ ಮೇಲೆದ್ದು ತೊಟ್ಟನ್ನು ಕುಳಿಯೊಳಗೆ ಇಳಿಸುತ್ತದೆ. ಸಿಪ್ಪೆಯ ಕಡುಹಸಿರು ತಿಳಿಯಾಗುತ್ತದೆ, ಕೊಯ್ದು ನೋಡಿದರೆ ಓಟೆಯ ಹತ್ತಿರದ ತಿರುಳು ಹಳದಿಗೆ ತಿರುಗಿರುತ್ತದೆ. ಸಂಶಯ ಬಂದರೆ ಬಕೆಟ್ ನೀರಿನಲ್ಲಿ ಹಾಕಿ ನೋಡಬೇಕು. ಬಲಿತದ್ದು ಮುಳುಗುತ್ತದೆ, ಎಳೆಯದು ತೇಲುತ್ತದೆ.

ಕೀಳುವಾಗ ದೋಟಿಯ ತುದಿಗೆ ಬಲೆಯೂ ಕತ್ತಿಯೂ ಇರಬೇಕು, ಕಾಯಿ ನೆಲಕ್ಕೆ ಬೀಳಬಾರದು, ತೊಟ್ಟು ಒಂದು ಸೆಂಟಿಮೀಟರಿನಷ್ಟಾದರೂ ಉಳಿಯಬೇಕು. ತೊಟ್ಟು ಮುರಿದರೆ ಚಿಮ್ಮುವ ಸೊನೆ ಸಿಪ್ಪೆಯನ್ನು ಸುಟ್ಟು ಕಪ್ಪು ಕಲೆ ಮಾಡುತ್ತದೆ, ಮುಂದೆ ಕೊಳೆಗೆ ದಾರಿಯಾಗುತ್ತದೆ. ಆದ್ದರಿಂದ ತೊಟ್ಟನ್ನು ಬಿಡಿಸುವುದಿದ್ದರೆ ಕಾಯನ್ನು ತಲೆಕೆಳಗಾಗಿಟ್ಟು ಸೊನೆ ಸೋರಿಹೋಗಲು ಬಿಡುವುದು ತೋಟಗಳ ವಾಡಿಕೆ.

ಈಗ ಯಾವ ತಳಿಯನ್ನು ಕೀಳಬೇಕೆಂಬ ಪ್ರಶ್ನೆ. ಬಹುತೇಕರು ಬಾದಾಮಿಯನ್ನು ಕೇಳುತ್ತಾರೆ, ಆದರೆ ಬಾದಾಮಿ ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಪೆಟ್ಟಿಗೆ ಪೆಟ್ಟಿಗೆಯಾಗಿ ಸಿಗುವ ಹಣ್ಣು. ಅದು ದೂರ ಪ್ರಯಾಣವನ್ನು ತಾಳುವುದರಿಂದಲೇ ಜಗತ್ತಿಗೆಲ್ಲ ಪ್ರಸಿದ್ಧವಾಯಿತು. ತೋಟದವರೆಗೆ ಹೋಗಿ ತರಬೇಕಾದದ್ದು ರಸಪುರಿಯನ್ನು. ಇದರ ಸಿಪ್ಪೆ ನಯ, ತಿರುಳು ರಸಭರಿತ, ಮಾಗಿದ ಮೇಲೆ ಹೆಚ್ಚು ದಿನ ನಿಲ್ಲುವುದಿಲ್ಲ. ಲಾರಿಯಲ್ಲಿ ಕುಲುಕಿ ಗಾಡಿಯ ಮೇಲೆ ಬಿಸಿಲುಂಡ ರಸಪುರಿ ತನ್ನ ಗುಣದ ಬಹುಪಾಲನ್ನು ಕಳೆದುಕೊಂಡೇ ಗಿರಾಕಿಯ ಕೈ ಸೇರುತ್ತದೆ. ವ್ಯಾಪಾರದ ದೃಷ್ಟಿಯಲ್ಲಿ ದೋಷವೆನಿಸಿದ ಈ ಮೃದುತ್ವವೇ ಅದರ ಶ್ರೇಷ್ಠತೆ. ಸೀಕರಣೆಗೆ ರಸಪುರಿಯನ್ನು ಬಿಟ್ಟು ಬೇರೆ ತಳಿಯನ್ನು ಹಿಂಡುವುದು ಹಳೆಯ ಮೈಸೂರಿನ ಅಡುಗೆಮನೆಗಳಲ್ಲಿ ಅನಿವಾರ್ಯಕ್ಕೆ ಮಾಡುವ ಕೆಲಸ, ಮತ್ತು ಬಾದಾಮಿಯ ಪಕ್ಷಪಾತಿಗಳು ಎಷ್ಟೇ ವಾದಿಸಿದರೂ ಆ ತೀರ್ಪು ಬದಲಾಗಬೇಕಾದದ್ದಿಲ್ಲ.

ಫ್ಲಾಟಿನಲ್ಲಿ ಅಡೆ ಹಾಕಲು ಜಾಗವಿಲ್ಲವೆಂಬುದು ನೆಪ ಮಾತ್ರ. ಗಾಳಿಯಾಡುವ ರಟ್ಟಿನ ಪೆಟ್ಟಿಗೆ, ಒಣ ಭತ್ತದ ಹುಲ್ಲು, ಅದು ಸಿಗದಿದ್ದರೆ ಹಳೆಯ ದಿನಪತ್ರಿಕೆ, ಒಂದರ ಮೇಲೊಂದು ಒತ್ತದಂತೆ ಎರಡು ಸಾಲು ಕಾಯಿ, ದಿನಕ್ಕೊಮ್ಮೆ ತೆರೆದು ಮೆತ್ತಗಾದದ್ದನ್ನು ಆರಿಸುವುದು, ಇಷ್ಟು ಸಾಕು. ಕಾಯಿ ತಾನೇ ಬಿಡುವ ಎಥಿಲೀನ್ ಎಂಬ ಅನಿಲವನ್ನು ಹುಲ್ಲು ಸುತ್ತಮುತ್ತಲೇ ಹಿಡಿದಿಡುವುದರಿಂದ ಒಂದು ಕಾಯಿ ಮತ್ತೊಂದನ್ನು ಮಾಗಿಸುತ್ತದೆ. ಕ್ಯಾಲ್ಸಿಯಂ ಕಾರ್ಬೈಡ್ ಬಿಡುವುದು ಅಸಿಟಿಲೀನನ್ನು. ಅದರ ಜೊತೆಗೆ ಆರ್ಸೆನಿಕ್, ರಂಜಕಗಳ ಅಂಶವೂ ಬರುವುದರಿಂದ ಹಣ್ಣು ಮಾಗಿಸಲು ಕಾರ್ಬೈಡ್ ಬಳಸುವುದನ್ನು ಕಾನೂನು ನಿಷೇಧಿಸಿದೆ, ಮಿತ ಪ್ರಮಾಣದ ಎಥಿಲೀನ್ ಅನಿಲಕ್ಕೆ ಮಾತ್ರ ಅನುಮತಿಯಿದೆ. ಮಾಗದ ಕಾಯನ್ನು ಫ್ರಿಜ್‌ನಲ್ಲಿಟ್ಟರೆ ಚಳಿಗೆ ಸಿಪ್ಪೆ ಕಂದಿ, ಮತ್ತೆಂದೂ ಅದು ಸರಿಯಾಗಿ ಹಣ್ಣಾಗುವುದಿಲ್ಲ.

ಮರದಡಿಯಲ್ಲೇ ತಿನ್ನಲು ಮಾವು ಒದಗುವುದಿಲ್ಲ ಎಂದು ಮೇಲೆ ಹೇಳಿದ್ದಕ್ಕೆ ತೋತಾಪುರಿ ಒಂದು ಭವ್ಯವಾದ ಅಪವಾದ. ಗಿಣಿಮೂತಿಯೆಂದೂ ಕರೆಯುವ, ತೋಟಗಾರಿಕಾ ಗ್ರಂಥಗಳಲ್ಲಿ ‘ಬ್ಯಾಂಗಲೋರಾ’ ಎಂದು ಈ ನಗರದ ಹೆಸರನ್ನೇ ಹೊತ್ತಿರುವ ಈ ತಳಿಯನ್ನು ಬಲಿತ ಕಾಯಿಯಾಗಿಯೇ ಹೋಳು ಮಾಡಿ ಉಪ್ಪು, ಖಾರದಪುಡಿ ಸವರಿ ಶಿವಾಜಿನಗರದ ತಳ್ಳುಗಾಡಿಗಳಲ್ಲಿ ಮಾರುತ್ತಾರೆ. ಸೇಬಿನಂತೆ ಗರಿಗರಿಯಾಗಿ ಕಚ್ಚಬಹುದಾದ ಮಾವು ಇದೊಂದೇ ಎನ್ನಬಹುದಾದರೂ ತೋಟಕ್ಕೆ ಹೋಗುವವರು ಇದರತ್ತ ತಿರುಗಿಯೂ ನೋಡುವುದಿಲ್ಲ. ಶ್ರೀನಿವಾಸಪುರದ ತೋತಾಪುರಿಯ ದೊಡ್ಡ ಪಾಲು ಆಂಧ್ರದ ಚಿತ್ತೂರು, ತಮಿಳುನಾಡಿನ ಕೃಷ್ಣಗಿರಿಗಳ ತಿರುಳು ಕಾರ್ಖಾನೆಗಳನ್ನೇ ನೆಚ್ಚಿಕೊಂಡಿದೆ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಯನ್ನು ತಡೆದಾಗ ಬೆಳೆಗಾರರು ಬೀದಿಗಿಳಿದರು, ಮುಖ್ಯಮಂತ್ರಿಗಳು ಆಂಧ್ರದ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು, ಕೊನೆಗೆ ಕೇಂದ್ರ ಸರ್ಕಾರವು ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಡಿ ಕರ್ನಾಟಕದ 2.5 ಲಕ್ಷ ಟನ್ ಮಾವಿಗೆ ಒಪ್ಪಿಗೆ ಕೊಟ್ಟಿತು. ಸುಮಾರು ನೂರು ಕಿಲೋಮೀಟರ್ ದೂರದಲ್ಲಿ ಇಷ್ಟು ದೊಡ್ಡ ನಗರವಿದ್ದೂ ಬೆಳೆಗಾರರು ಗಡಿಯಾಚೆಯ ಕಾರ್ಖಾನೆಯ ಬಾಗಿಲಲ್ಲಿ ಕಾಯಬೇಕಾಗಿರುವುದು ನೋವಿನ ಸಂಗತಿ. ಬರುವ ಭಾನುವಾರ ರಸಪುರಿಯ ಬುಟ್ಟಿ ತುಂಬಿಸಿಕೊಳ್ಳುವವರು ಅದೇ ತೋಟದಲ್ಲಿ ಐದು ಕಿಲೋ ತೋತಾಪುರಿಯನ್ನೂ ಕಿತ್ತು ತರಲಿ. ಎರಡು ಕಾಯಿ ಅಲ್ಲೇ ಉಪ್ಪುಖಾರಕ್ಕೆ, ನಾಲ್ಕು ಮಾವಿನಕಾಯಿ ಚಿತ್ರಾನ್ನಕ್ಕೆ, ಉಳಿದದ್ದು ಗೊಜ್ಜಿಗೆ.