ಗೂಬೆ ನಮ್ಮನ್ನೇ ನೋಡುತ್ತಿರುವ ಚಿತ್ರ

ಗೂಬೆಯ ಫೋಟೊಗಳಲ್ಲಿ ಹೆಚ್ಚು ಮೆಚ್ಚುಗೆ ಗಿಟ್ಟಿಸುವುದು ಒಂದೇ ನಮೂನೆಯದು: ಹಳದಿ ಕಣ್ಣು ಅರಳಿಸಿಕೊಂಡು ಲೆನ್ಸನ್ನೇ ದಿಟ್ಟಿಸುವ ಮುಖ. ನಾನು ತೀರ್ಪುಗಾರನಾದರೆ ಇಂಥವುಗಳಲ್ಲಿ ಬಹುಪಾಲಿಗೆ ಅಂಕ ಕಳೆಯುತ್ತೇನೆ. ಹಗಲಲ್ಲಿ ನೆಮ್ಮದಿಯಾಗಿ ಕೂತ ಗೂಬೆಯ ಕಣ್ಣು ಅರೆಮುಚ್ಚಿರುತ್ತದೆ, ಮೈಗರಿ ಸಡಿಲವಾಗಿರುತ್ತದೆ. ಕಣ್ಣು ಪೂರ್ತಿ ತೆರೆದು, ಮೈ ಸೆಟೆದು, ಕಿವಿಯಂಥ ಗರಿ ನಿಗುರಿದೆ ಎಂದರೆ ಫೋಟೊಗ್ರಾಫರ್ ಬಂದದ್ದು ಅದಕ್ಕೆ ಗೊತ್ತಾಗಿದೆ, ಹಿಡಿಸಿಲ್ಲ. ನಮ್ಮ ಹಾಲಕ್ಕಿ ಗೂಬೆ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತ ನೋಡುವುದನ್ನು ಜನ ಮುದ್ದು ಎನ್ನುತ್ತಾರೆ; ಅದು ಕಂಗೆಟ್ಟಾಗ ಮಾಡುವ ಕೆಲಸ.

ಬೆಂಗಳೂರಿನ ಹತ್ತಿರ ಈ ಮಾತಿಗೆ ಒಳ್ಳೆಯ ಪರೀಕ್ಷೆ ಹೆಸರಘಟ್ಟದ ಹುಲ್ಲುಗಾವಲು. ಚಳಿಗಾಲದಲ್ಲಿ ಉತ್ತರದಿಂದ ಹ್ಯಾರಿಯರ್ ಗಿಡುಗಗಳು ಬರುತ್ತವೆ, ಅದೃಷ್ಟವಿದ್ದ ವರ್ಷ ಶಾರ್ಟ್ ಇಯರ್ಡ್ ಔಲ್ ಕೂಡ. ಈ ಗೂಬೆ ಪೊಟರೆ ಹುಡುಕುವುದಿಲ್ಲ. ಹಗಲಿಡೀ ಹುಲ್ಲಿನ ನಡುವೆ ನೆಲದ ಮೇಲೇ ಕೂತು, ಹೊತ್ತು ಇಳಿಯುವಾಗ ಎದ್ದು, ಹುಲ್ಲಿನ ತುದಿ ಸವರುವಷ್ಟು ಕೆಳಗೆ ಇಲಿ ಹುಡುಕುತ್ತ ಹಾರುತ್ತದೆ. ಸಂಜೆವರೆಗೆ ಕಾದವನಿಗೆ ಅದು ತಾನಾಗಿಯೇ ಎದುರಾಗಬಹುದು. ಕಾಯುವ ವ್ಯವಧಾನವಿಲ್ಲದವರು ಜೀಪನ್ನು ದಾರಿ ಬಿಡಿಸಿ ಹುಲ್ಲಿಗೆ ಇಳಿಸುತ್ತಾರೆ, ಇಲ್ಲವೇ ಸಾಲಾಗಿ ನಡೆದು ಹಕ್ಕಿಯನ್ನು ಎಬ್ಬಿಸುತ್ತಾರೆ. ನಡುಹಗಲಲ್ಲಿ ಎದ್ದ ಗೂಬೆಯನ್ನು ಕಾಗೆಗಳು ಅಟ್ಟಿಸಿಕೊಂಡು ಹೋಗುತ್ತವೆ. ಆ ಗದ್ದಲದಲ್ಲೇ ಒಂದು ‘ಫ್ಲೈಟ್ ಶಾಟ್’ ಸಿಗುತ್ತದೆ. ಚಕ್ರದಡಿ ನುಗ್ಗಾದ ಹುಲ್ಲು ಮಾತ್ರ ಯಾವ ಚೌಕಟ್ಟಿಗೂ ಬರುವುದಿಲ್ಲ.

ಉಪಕರಣ ಸಾಲದು ಎಂಬ ನೆಪಕ್ಕೆ ಈಗ ಜಾಗವಿಲ್ಲ. ಇಂದಿನ ಕ್ಯಾಮೆರಾ ಐಎಸ್‌ಒ 6400ರಲ್ಲೂ ಗರಿಯ ಎಳೆ ಎಳೆ ತೋರಿಸುತ್ತದೆ, ಮಿರರ್‌ಲೆಸ್ ಆದರೆ ಶಟರಿನ ಸದ್ದೂ ಇಲ್ಲ. ಮುಸ್ಸಂಜೆಯಲ್ಲಿ ಫ್ಲಾಶ್ ಹೊಡೆಯುವುದು ಹಳೆಯ ಚಾಳಿ, ಅಷ್ಟೇ. ಎಂಜಿನ್ ಆರಿಸಿ ದಾರಿಯಲ್ಲೇ ನಿಂತ ಕಾರನ್ನು ಹಕ್ಕಿಗಳು, ಕಾಲ್ನಡಿಗೆಯ ಮನುಷ್ಯನಿಗಿಂತ, ಚೆನ್ನಾಗಿ ಸಹಿಸುತ್ತವೆ. ಫೋಟೊಗೆ ಅಷ್ಟು ಸಾಕು.

ಹಿಮದ ನಾಡುಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಕೆನಡಾ ಮತ್ತು ಅಮೆರಿಕದ ಉತ್ತರ ಭಾಗದ ಬಯಲುಗಳಲ್ಲಿ, ಅಂಗಡಿಯಿಂದ ತಂದ ಜೀವಂತ ಇಲಿಯನ್ನು ಹಿಮದ ಮೇಲೆ ಬಿಟ್ಟು ಬಿಳಿಗೂಬೆಯನ್ನು ಕ್ಯಾಮೆರಾದತ್ತ ಕರೆಸಿಕೊಳ್ಳುವವರಿದ್ದಾರೆ. ರೆಕ್ಕೆ ಎರಡೂ ಬಿಚ್ಚಿ, ಉಗುರು ಚಾಚಿ, ಲೆನ್ಸಿಗೆ ನೇರ ನುಗ್ಗುವ ಗೂಬೆ. ಹಿಂದೆ ಕಲೆಯಿಲ್ಲದ ಬಿಳುಪು. ಒಮ್ಮೆ ನೋಡಿದರೆ ಬೆರಗು, ಹತ್ತನೆಯದನ್ನು ನೋಡುವಾಗ ಇಲಿ ಎಲ್ಲಿತ್ತೆಂಬುದನ್ನು ಬೆರಳಿಟ್ಟು ತೋರಿಸಬಹುದು. ಜೀವಂತ ಆಮಿಷ ಒಡ್ಡಿದ ಚಿತ್ರಗಳನ್ನು ‘ವೈಲ್ಡ್‌ಲೈಫ್ ಫೋಟೊಗ್ರಾಫರ್ ಆಫ್ ದಿ ಇಯರ್’ ಸ್ಪರ್ಧೆ ಒಪ್ಪುವುದಿಲ್ಲ. ಸರಿಯಾದ ನಿಯಮ. ಕೇವಲ ಕರುಣೆಗಾಗಿ ಹೀಗೆನ್ನುತ್ತಿಲ್ಲ, ಚಿತ್ರವಾಗಿಯೂ ಅದು ಸಪ್ಪೆ. ಗೂಬೆ ಬೇಟೆಗೆ ಕಣ್ಣಿನ ಜೊತೆಗೆ ಕಿವಿಯನ್ನೂ ನೆಚ್ಚುತ್ತದೆ. ಹುಲ್ಲಿನಡಿಯ, ಹಿಮದಡಿಯ ಸಣ್ಣ ಸರಸರಕ್ಕೆ ಕಿವಿಗೊಟ್ಟು ಮುಖ ವಾಲಿಸುವ ಗಳಿಗೆಯೇ ಅದರ ನಿಜವಾದ ನಾಟಕ. ಆಮಿಷದ ಚಿತ್ರದಲ್ಲಿ ಆ ಅಂಕವನ್ನೇ ಕಿತ್ತು ಹಾಕಿರುತ್ತಾರೆ.

ನಮ್ಮಲ್ಲಿ ಇಲಿಯ ಜಾಗದಲ್ಲಿ ವಾಟ್ಸಾಪ್ ಇದೆ. ಬೆಳಿಗ್ಗೆ ಒಬ್ಬರು ಲೊಕೇಶನ್ ಕಳಿಸಿದರೆ ಸಂಜೆಗೆ ಒಂದೇ ಪೊದೆಯ ಸುತ್ತ ಟ್ರೈಪಾಡುಗಳ ಸಂತೆ. ಹಕ್ಕಿ ದಾಖಲೆಗಳ ಜಾಲತಾಣ ಇ-ಬರ್ಡ್, ಸೂಕ್ಷ್ಮವೆಂದು ಗುರುತಿಸಿದ ಹಕ್ಕಿಗಳ ನಿಖರ ಜಾಗವನ್ನು ಮರೆಮಾಡುವುದು ಇಂಥದ್ದಕ್ಕೇ.

ನಾನು ಎತ್ತಿಡುವ ಚಿತ್ರಗಳಲ್ಲಿ ಗೂಬೆ ಚಿಕ್ಕದಾಗಿ ಕಾಣುತ್ತದೆ: ಪಕ್ಕಕ್ಕೆ ತಿರುಗಿದ ಮುಖ, ಕೆಳಗೆ ನೆಟ್ಟ ನೋಟ, ಸುತ್ತ ಧಾರಾಳ ಹುಲ್ಲು, ಹಿನ್ನೆಲೆಯಲ್ಲಿ ಮಸುಕಾಗಿ ಕಾಣುವ ಬಡಾವಣೆಯ ಕಟ್ಟಡಗಳಿದ್ದರೂ ಸರಿ. ಇದನ್ನು ತೆಗೆಯುವುದು ಮುಖದ ಕ್ಲೋಸಪ್ಪಿಗಿಂತ ಕಷ್ಟ, ನೋಡುವುದಕ್ಕೂ ತುಸು ಹೊತ್ತು ಬೇಕು. ಸ್ಪರ್ಧೆಗಳ ಅರ್ಜಿಯಲ್ಲಿ ಐಎಸ್‌ಒ, ಶಟರ್ ವೇಗ ಎಲ್ಲಕ್ಕೂ ಖಾನೆಗಳಿರುತ್ತವೆ. ಕ್ಯಾಮೆರಾ ಕೆಳಗಿಳಿಸಿದ ಮೇಲೂ ಹಕ್ಕಿ ಅಲ್ಲೇ ಇತ್ತೇ ಎಂದು ಕೇಳುವ ಖಾನೆಯನ್ನೂ ಸೇರಿಸಲಿ.