ವಿಶ್ವಸಂಸ್ಥೆಯ ಸನ್ನದು: ಪೀಠಿಕೆಯ ಒಂದು ಶಬ್ದ

ವಿಶ್ವಸಂಸ್ಥೆಯ ಸನ್ನದಿನ ಪೀಠಿಕೆಯು ಜನಗಳ ಹೆಸರಿನಿಂದ ಆರಂಭವಾಗುತ್ತದೆ. ದ್ವಿತೀಯ ಮಹಾಯುದ್ಧವು ಇನ್ನೂ ಮುಗಿಯದಿರುವಾಗಲೇ, 1945ನೆಯ ಜೂನ್ 26ರಂದು, ಸಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಭಾರತದ ಪರವಾಗಿ ಅದಕ್ಕೆ ರುಜು ಹಾಕಿದವರು ಸರ್ ಎ. ರಾಮಸ್ವಾಮಿ ಮೊದಲಿಯಾರರೂ ಸರ್ ವಿ. ಟಿ. ಕೃಷ್ಣಮಾಚಾರ್ಯರೂ. ಇವರೀರ್ವರೂ ಪರಾಧೀನ ಸರ್ಕಾರದಿಂದ ನಿಯುಕ್ತರಾದವರು, ಜನರು ಆರಿಸಿದವರಲ್ಲ. 1946ರಲ್ಲಿ ಮೊದಲಿಯಾರರು ಮೈಸೂರಿನ ದಿವಾನರಾದರು. ತುಮಕೂರು ಸೀಮೆಯ ಗೂಳೂರಿನ ಒಕ್ಕಲಿಗನೂ ಆ ಪೀಠಿಕೆಯ ಜನದಲ್ಲಿ ಸೇರಿದವನೇ. ದಿವಾನರಾದರೋ ಮಹಾರಾಜರಿಗೆ ಮಾತ್ರ ಉತ್ತರವಾದಿಗಳು.

ಹಾಗಾದರೆ ಪೀಠಿಕೆಯ ಮಾತು ಪೊಳ್ಳೆನ್ನಬಹುದೆ? ಎನ್ನಲಾಗದು. ಜನರ ಹೆಸರಿನಲ್ಲಿ ಬರೆದ ಮಾತು ರುಜು ಹಾಕಿದವರನ್ನೇ ಅಳೆಯುವ ಕೋಲಾಗುತ್ತದೆ. 1947ರಲ್ಲಿ 'ಮೈಸೂರು ಚಲೋ' ಚಳವಳಿಯು ಜವಾಬ್ದಾರಿ ಸರ್ಕಾರವನ್ನು ಕೇಳಿ ಪಡೆದದ್ದು ಅದೇ ದಿವಾನರ ಆಡಳಿತದಲ್ಲಿ. ಸನ್ನದಿನ ನ್ಯೂನತೆಯು ಶಬ್ದದಲ್ಲಿಲ್ಲ, ರುಜುವಿನಲ್ಲಿದೆ. ಆ ಶಬ್ದದ ಗುಣವಾದರೋ ರುಜುವನ್ನು ಮೀರಿ ಉಳಿದಿದೆ.